ಆರು ಗುಂಟೆ ‘ಅ’ ಖರಾಬು

ಮಾನ್ಯ ಸಂಪಾದಕರೇ,

ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಅಂಚಿನಲ್ಲಿ ಪೊದೆ ಮುಚ್ಚಿ ಬಿದ್ದಿದ್ದ ಬ್ರಿಟಿಷ್ ದೊರೆಗಳ ಸಮಾಧಿಗಳನ್ನು ಹುಡುಗರ ತಂಡವೊಂದು ಒಂದೇ ಭಾನುವಾರದಲ್ಲಿ ಶುಚಿಗೊಳಿಸಿದ ಸುದ್ದಿಯನ್ನು ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಚಿತ್ರಸಹಿತ ಪ್ರಕಟಿಸಿದ್ದೀರಿ. ಹುಡುಗರ ಮುಖದ ಬೆವರನ್ನು ನೋಡಿ ಸಂತೋಷವಾಯಿತು. ಅವರ ಬೆನ್ನ ಹಿಂದೆ ಬೆಳ್ಳಗೆ ಹೊಳೆಯುತ್ತಿದ್ದ ಕಲ್ಲುಗಳನ್ನು ನೋಡಿ ಮಾತ್ರ ಎದೆ ಧಸಕ್ಕೆಂದಿತು. ನೂರೈವತ್ತು ವರ್ಷ ಮಲೆನಾಡಿನ ಮಳೆಯಲ್ಲಿ ನೆನೆದ ಅಮೃತಶಿಲೆ ಎಷ್ಟು ತೊಳೆದರೂ ಹಾಗೆ ಹೊಳೆಯುವುದಿಲ್ಲ. ಅದು ಎನಾಮಲ್ ಬಣ್ಣ.

ಮರುದಿನವೇ ಹಾಸನದಿಂದ ಬಸ್ಸು ಹತ್ತಿ ಹೋಗಿ ನೋಡಿ ಬಂದೆ. ಅನುಮಾನ ನಿಜವಾಗಿತ್ತು. ಐದು ಸಮಾಧಿಗಳ ಪೈಕಿ ಮೂರಕ್ಕೆ ಬಿಳಿ ಬಣ್ಣ, ಬಿರುಕು ಬಿಟ್ಟ ಕಟ್ಟೆಗಳಿಗೆ ಸಿಮೆಂಟು, ಅಕ್ಷರಗಳ ಮೇಲೆ ಕಪ್ಪು ಬಣ್ಣದ ತಿದ್ದು. ಒಂದು ಕಲ್ಲಿನಡಿ ಮಲಗಿರುವವನು 24ನೆಯ ವಯಸ್ಸಿನಲ್ಲಿ ಜ್ವರ ಬಂದು ಸತ್ತ ತರುಣ. ಸತ್ತದ್ದು 1863ರಲ್ಲಿ. ಈಗ ಕಲ್ಲಿನ ಮೇಲೆ 1888 ಎಂದಿದೆ. ಒಂದು ಡಬ್ಬ ಬಣ್ಣದಲ್ಲಿ ನಮ್ಮ ಹುಡುಗರು ಅವನಿಗೆ 25 ವರ್ಷ ಆಯುಸ್ಸು ದಯಪಾಲಿಸಿದ್ದಾರೆ. ಅವನು ಬದುಕಿದ್ದಾಗ ಯಾರಾದರೂ ಕೊಟ್ಟಿದ್ದರೆ ಉಪಯೋಗಕ್ಕೆ ಬರುತ್ತಿತ್ತು.

ಈ ತಪ್ಪು ಹೇಗಾಯಿತೆಂದು ನನಗೆ ಅಲ್ಲಿಯೇ ಗೊತ್ತಾಯಿತು. ಆ ಕಲ್ಲಿನ ಅಕ್ಷರಗಳು ಬರೀ ಕೆತ್ತಿದವಲ್ಲ, ಸೀಸದವು. ಅಕ್ಷರದ ಆಕಾರಕ್ಕೆ ಕಲ್ಲನ್ನು ತೆಳ್ಳಗೆ ತೋಡಿ, ಅದರೊಳಗೆ ಅಲ್ಲಲ್ಲಿ ಸಣ್ಣ ತೂತು ಕೊರೆದು, ಸೀಸವನ್ನು ಬಡಿದು ಕೂರಿಸುತ್ತಿದ್ದರು. ತೂತಿನೊಳಕ್ಕೆ ಇಳಿದ ಸೀಸವೇ ಅಕ್ಷರದ ಬೇರು. ಕಾಲಾನಂತರದಲ್ಲಿ ಯಾರೋ ಚಾಕುವಿನ ತುದಿಯಿಂದ ಸೀಸವನ್ನು ಎಬ್ಬಿಸಿಕೊಂಡು ಹೋಗಿದ್ದಾರೆ. ಮೀನಿನ ಬಲೆಯ ಅಂಚಿಗೆ ಕಟ್ಟುವ ಗುಂಡುಗಳಿಗೆ ಅದು ಬಲು ಒಳ್ಳೆಯದು ಎಂದು ಹಿಂದೆ ಅಲ್ಲಿನವರೇ ನನಗೆ ಹೇಳಿದ್ದರು. ಸೀಸ ಹೋದರೂ ತೂತುಗಳು ಉಳಿಯುತ್ತವೆ. ಬೆರಳಾಡಿಸಿದರೆ 6ಕ್ಕೆ ಎಲ್ಲಿ, 3ಕ್ಕೆ ಎಲ್ಲಿ ಎಂದು ಸಿಗುತ್ತದೆ. ಹುಡುಗರು ಬೆರಳಾಡಿಸಲಿಲ್ಲ, ರಂಗೋಲಿಯ ಚುಕ್ಕಿ ಸೇರಿಸಿದಂತೆ ಕುಂಚದಿಂದ ಸೇರಿಸಿಬಿಟ್ಟರು. ಸುಲಭವಾಗಿ ಸೇರಿದ್ದು 8.

1863 ಎಂದು ನಾನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆ ಎಂದರೆ, 1984ರಲ್ಲಿ ಆ ಜಾಗವನ್ನು ಅಳೆದವನು ನಾನೇ. ಸರ್ಕಾರಿ ಭೂಮಾಪಕನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಯಲ್ಲಿ ಸರಪಳಿ ಎಳೆಸಿದವನು. ಆಗ ಅರ್ಧದಷ್ಟು ಸೀಸ ಇನ್ನೂ ಕಲ್ಲಿನಲ್ಲಿತ್ತು. ಕಬ್ಬಿಣದ ಬೇಲಿ ಇತ್ತು. ನಾಲ್ಕು ಮೂಲೆಗಳನ್ನು ಹಿಡಿದು, ಅಳತೆ ಬರೆದುಕೊಂಡು, ಒಳಗಿನ ಐದು ಹೆಸರುಗಳನ್ನೂ ಇಸವಿಗಳನ್ನೂ ನನ್ನ ಸ್ವಂತ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದೆ. ಆ ಪುಸ್ತಕ ಈಗಲೂ ಮನೆಯಲ್ಲಿದೆ. ಆ ದಿನ ನಾನು ಮಾಡಿದ ಇನ್ನೊಂದು ಕೆಲಸವೂ ಇದೆ. ಈ ಪತ್ರ ಬರೆಯಲು ಅದೇ ಕಾರಣ. ಅಲ್ಲಿಗೆ ಬರುವ ಮೊದಲು ಸ್ವಲ್ಪ ದೂರ ಸುತ್ತಿಸುತ್ತೇನೆ, ಕ್ಷಮಿಸಬೇಕು.

ನನ್ನ ಮಗಳು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಬೆಂಡಿಗೋ ಎಂಬ ಊರಿನಲ್ಲಿ ನರ್ಸ್ ಆಗಿದ್ದಾಳೆ. 2019ರ ಬೇಸಿಗೆಯಲ್ಲಿ, ಎಂದರೆ ನಮ್ಮ ಬೇಸಿಗೆಯಲ್ಲಿ, ನಾನೂ ನನ್ನ ಹೆಂಡತಿಯೂ ಅವಳ ಮನೆಗೆ ಹೋಗಿದ್ದೆವು. ಅದು ಚಿನ್ನದ ಸೀಮೆ. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ ಮೇಲೆ ಇಂಗ್ಲೆಂಡು, ಐರ್ಲೆಂಡು, ಜರ್ಮನಿ, ಚೀನಾದಿಂದೆಲ್ಲ ಜನ ಗುದ್ದಲಿ ಹಿಡಿದು ಬಂದರು. ಹೊಳೆ ದಂಡೆಯಲ್ಲಿ ಡೇರೆ ಹಾಕಿದರು, ಮಕ್ಕಳನ್ನು ಹೆತ್ತರು, ಸತ್ತವರನ್ನು ಹೂಳಿದರು, ಚಿನ್ನ ಮುಗಿದಾಗ ಮುಂದಿನ ಹೊಳೆಗೆ ಹೊರಟರು. ಡೇರೆಯನ್ನು ಕಿತ್ತುಕೊಂಡು ಹೋಗಬಹುದು, ಗೋರಿಯನ್ನು ಒಯ್ಯುವುದು ಹೇಗೆ? ಹೀಗಾಗಿ ಆ ಸೀಮೆಯ ತುಂಬ ವಾರಸುದಾರರಿಲ್ಲದ ಸಮಾಧಿಗಳು.

ಚಿನ್ನದ ಸೀಮೆ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕೋಲಾರ. ಅಲ್ಲಿಯೂ ಇದೇ ಕತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು ಬಂದರು, ತಮಿಳು ತೆಲುಗು ಸೀಮೆಗಳ ಸಾವಿರಾರು ಬಡವರು ಬಂದರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗಳಿಗೆ. 3 ಕಿಲೋಮೀಟರ್‌ಗೂ ಕೆಳಗಿಳಿದ ಗಣಿಯಲ್ಲಿ ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲುಧೂಳು ಶ್ವಾಸಕೋಶ ಸೇರಿ ಕೆಮ್ಮುತ್ತಲೇ ಸತ್ತವರೆಷ್ಟೋ. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಕೆಲಸ ಹೋದಮೇಲೆ ಮನೆಮಂದಿಯೂ ಹೋಗುತ್ತಾರೆ. ಹಬ್ಬಕ್ಕೆ ಬಂದು ಸಮಾಧಿಗೆ ಹೂವಿಡುವ ಕೈ ಕಡಿಮೆಯಾಗುತ್ತದೆ. ನಮ್ಮ ಕಾಫಿ ಸೀಮೆಯ ದೊರೆಗಳ ಗೋರಿಗಳಿಗೂ ಬಂದದ್ದು ಇದೇ ಗತಿ. ಹಾಳುಬೀಳುವುದಕ್ಕೆ ಯಾರ ದ್ವೇಷವೂ ಬೇಕಿಲ್ಲ, ಮಕ್ಕಳು ಬೇರೆ ಊರಿನಲ್ಲಿದ್ದರೆ ಸಾಕು. ನನ್ನ ಮಗಳು ಬೆಂಡಿಗೋದಲ್ಲಿದ್ದಾಳೆ ಎಂಬುದನ್ನು ಬರೆಯುವಾಗ ಇದು ನನಗೂ ಹೊಳೆಯದೆ ಇಲ್ಲ.

ಬೆಂಡಿಗೋದ ಸುತ್ತಲಿನ ಒಂದು ಸಣ್ಣ ಊರಿನ ಸ್ಮಶಾನದಲ್ಲಿ ಊರವರೇ ತಿಂಗಳಿಗೊಮ್ಮೆ ಸೇರಿ ಕೆಲಸ ಮಾಡುತ್ತಾರೆಂದು ಮಗಳು ನನ್ನನ್ನು ಕರೆದೊಯ್ದಳು. ಆ ರಾಜ್ಯದ ಸಣ್ಣ ಊರುಗಳ ಸ್ಮಶಾನಗಳನ್ನು ನೋಡಿಕೊಳ್ಳುವುದು ಟ್ರಸ್ಟುಗಳು. ಅವುಗಳ ಸದಸ್ಯರಿಗೆ ಸಂಬಳವಿಲ್ಲ. ಹೂಳಿದ ಜಾಗದ ಹಕ್ಕಿಗೆ ಕಾಲಮಿತಿಯೂ ಇಲ್ಲ. ಅಲ್ಲಿ ಸೇರಿದ್ದವರು ಒಂಬತ್ತು ಜನ. ಒಬ್ಬ ನಿವೃತ್ತ ಪ್ಲಂಬರ್, ಅಂಚೆ ಕಚೇರಿಯಲ್ಲಿದ್ದ ಒಬ್ಬ ಅಜ್ಜಿ, ಇಬ್ಬರು ಶಾಲಾ ಮಕ್ಕಳು, ಹೀಗೆ. ಮಧ್ಯಾಹ್ನ ಅದೇ ಸಮಾಧಿಗಳ ನಡುವೆ ಚಾದರ ಹಾಸಿ ಬ್ರೆಡ್ಡು ತಿಂದರು. ನಾನೂ ತಿಂದೆ. ಮನೆಗೆ ಬಂದಾಗ ಹೆಂಡತಿ ಹಿತ್ತಲಿನಲ್ಲೇ ನಿಲ್ಲಿಸಿ ತಲೆಗೆ ನೀರು ಹುಯ್ಯಿಸಿಕೊಳ್ಳುವವರೆಗೂ ಒಳಗೆ ಬಿಡಲಿಲ್ಲ. ಆ ಚಳಿಯಲ್ಲಿ!

ಅಲ್ಲಿ ಕಲಿತದ್ದನ್ನು ಹೇಳಬೇಕು. ಬೆಳಿಗ್ಗೆ ಹೋದವರು ಕತ್ತಿಯನ್ನು ಮುಟ್ಟಲೇ ಇಲ್ಲ. ಮೊದಲು ನಕ್ಷೆ, ಆಮೇಲೆ ಪ್ರತಿ ಸಮಾಧಿಗೂ ಒಂದು ಸಂಖ್ಯೆ, ಆಮೇಲೆ ಫೋಟೋ; ಮುರಿದ ಚೂರು ಎಲ್ಲಿ ಬಿದ್ದಿತ್ತೋ ಅಲ್ಲಿಯೇ ಇರುವಾಗಿನ ಫೋಟೋ. ಕಲ್ಲಿನ ಮೇಲಿನ ಪಾಚಿಯನ್ನು ನಾನು ಮನೆಯ ಬೀಗದ ಕೈಯಿಂದ ಒಂದಿಷ್ಟು ಕೆರೆದೆ. ಅಂಚೆ ಅಜ್ಜಿ ನನ್ನ ಮಣಿಕಟ್ಟಿಗೆ ಪೆನ್ಸಿಲ್ಲಿನಿಂದ ಟಪ್ಪೆಂದು ಹೊಡೆದರು. ಕಲ್ಲಿನ ಮೇಲ್ಪದರವೂ ಪಾಚಿಯ ಜೊತೆಯಲ್ಲೇ ಎದ್ದು ಬರುತ್ತದಂತೆ. ಅವರು ಬಳಸುವುದು ಬರೀ ನೀರು, ಮೆತ್ತಗಿನ ಕುಂಚ, ತಾಳ್ಮೆ. ತಂತಿ ಬ್ರಷ್ ನಿಷಿದ್ಧ. ಆ್ಯಸಿಡ್ ಅಂತೂ ಕೇಳಲೇಬೇಡಿ. ಅಮೃತಶಿಲೆ ಎಂದರೆ ಸುಣ್ಣದ ಅಂಶವೇ ಆದ್ದರಿಂದ ಆ್ಯಸಿಡ್ ಬಿದ್ದ ಕಡೆ ನೊರೆ ಎದ್ದು ಅಕ್ಷರ ಕರಗಿ ಹೋಗುತ್ತದೆ. ನಮ್ಮವರು ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ದೇವಸ್ಥಾನದ ಕಲ್ಲಿಗೂ ಸುರಿಯುತ್ತಾರೆ ಎಂದು ನಾನು ಅಲ್ಲಿ ಬಾಯಿ ಬಿಡಲಿಲ್ಲ.

ಅಳಿಸಿದ ಅಕ್ಷರ ಓದಲು ಅವರ ಉಪಾಯ ಒಂದು ಹಳೆಯ ಕನ್ನಡಿ. ಬಿಸಿಲನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಕೂದಲೆಳೆಯಷ್ಟು ತಗ್ಗಿಗೂ ನೆರಳು ಬಂದು ಹೆಸರು ಎದ್ದು ನಿಲ್ಲುತ್ತದೆ. ಬಣ್ಣ ತುಂಬುವ ಅಗತ್ಯವೇ ಇಲ್ಲ. ಇದನ್ನು ನಮ್ಮ ಶಾಸನ ಓದುವವರೂ ಬಲ್ಲರು. ಒಡೆದ ಕಟ್ಟೆಗೆ ಅವರು ಸಿಮೆಂಟು ಹಾಕುವುದಿಲ್ಲ, ಸುಣ್ಣದ ಗಾರೆ ಹಾಕುತ್ತಾರೆ. ಸಿಮೆಂಟು ಗಟ್ಟಿ, ನೀರನ್ನು ಹೊರಗೆ ಬಿಡುವುದಿಲ್ಲ. ಒಳಗೆ ಕುಳಿತ ನೀರು ಪಕ್ಕದ ಮೆತ್ತಗಿನ ಕಲ್ಲನ್ನು ತಿನ್ನುತ್ತದೆ. ಸುಣ್ಣದ ಗಾರೆಗೆ ಬೆಲ್ಲವನ್ನೂ ಅಳಲೆಕಾಯಿಯನ್ನೂ ಸೇರಿಸಿ ಅರೆದು ಕಟ್ಟಿದವರ ಮೊಮ್ಮಕ್ಕಳು ನಾವು. ಆಸ್ಟ್ರೇಲಿಯಾದ ಪ್ಲಂಬರ್ ಒಬ್ಬ ಅದನ್ನು ನನಗೆ ಪಾಠ ಮಾಡುವ ಹಾಗಾಯಿತು.

ಇನ್ನೊಂದು: ಅರಳಿಯದೋ ಅತ್ತಿಯದೋ ಬೇರು ಕಟ್ಟೆಯೊಳಗೆ ಇಳಿದಿದ್ದರೆ ಹಗ್ಗ ಕಟ್ಟಿ ಎಳೆಯಬಾರದು. ಕಾಂಡವನ್ನು ಕತ್ತರಿಸಿ ಬೇರು ತಾನಾಗಿ ಒಣಗಲು ಬಿಡಬೇಕು. ನಮ್ಮ ಹುಡುಗರು ಒಂದು ಸಮಾಧಿಯ ಬೇರನ್ನು ಜೀಪಿಗೆ ಕಟ್ಟಿ ಎಳೆದಿದ್ದಾರೆ. ಬೇರಿನ ಜೊತೆ ಕಟ್ಟೆಯ ಒಂದು ಮೂಲೆಯೂ ಬಂದಿದೆ.

ನಾವು ಅಲ್ಲಿದ್ದ ಏಪ್ರಿಲ್ ತಿಂಗಳಿನಲ್ಲೇ ಚೀನೀಯರು ತಮ್ಮ ಹಿರಿಯರ ಸಮಾಧಿ ಗುಡಿಸುವ ದಿನ ಬರುತ್ತದೆ. ನಮ್ಮ ಮಹಾಲಯ ಅಮಾವಾಸ್ಯೆ ಇದ್ದ ಹಾಗೆ. ಬೀಚ್‌ವರ್ತ್ ಎಂಬ ಊರಿನ ಸ್ಮಶಾನದಲ್ಲಿ ಚಿನ್ನ ಹುಡುಕಲು ಬಂದು ಸತ್ತ ಚೀನೀಯರಿಗಾಗಿ 1857ರಲ್ಲಿ ಕಟ್ಟಿದ ಎರಡು ಗೋಪುರದಂತಹ ಒಲೆಗಳಿವೆ. ಸತ್ತವರಿಗೆ ಖರ್ಚಿಗಿರಲಿ ಎಂದು ಕಾಗದದ ಹಣವನ್ನು ಅದರಲ್ಲಿ ಸುಡುತ್ತಿದ್ದರು. ಬೆಂಡಿಗೋದ ವೈಟ್ ಹಿಲ್ಸ್ ಸ್ಮಶಾನದಲ್ಲಿಯೂ ಅಂತಹ ಒಲೆ ಇದೆ. ಬಲ್ಲಾರಟ್‌ನ ಹಳೆಯ ಸ್ಮಶಾನದಲ್ಲಿ 1854ರ ಡಿಸೆಂಬರ್ 3ರ ಯುರೇಕಾ ದಂಗೆಯಲ್ಲಿ ಸತ್ತ ಗಣಿಗಾರರಿಗೂ ಅವರನ್ನು ಕೊಂದ ಸೈನಿಕರ ಪೈಕಿ ಸತ್ತವರಿಗೂ ಒಂದೇ ಆವರಣದಲ್ಲಿ ಸ್ಮಾರಕಗಳಿವೆ. ಎರಡನ್ನೂ ಗುಡಿಸುವ ಪೊರಕೆ ಒಂದೇ ಇರಬಹುದು ಎಂದು ನನಗೆ ಅನ್ನಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವು ಯಾವುವೂ ಅಲ್ಲ. ಕ್ಯಾಸಲ್‌ಮೇನ್ ಎಂಬ ಊರಿನ ಹೊರಗೆ ಒಂದು ಸಣ್ಣ ದಿಬ್ಬವಿದೆ. ಹೆಸರು ಪೆನ್ನಿವೇಟ್ ಫ್ಲ್ಯಾಟ್. ಪೆನ್ನಿವೇಟ್ ಎಂದರೆ ಚಿನ್ನದ ತೂಕದಲ್ಲಿ ಒಂದೂವರೆ ಗ್ರಾಂ ಚಿಲ್ಲರೆ. ಅಲ್ಲಿ ಅಗೆದರೆ ಅಷ್ಟೇ ಸಿಗುತ್ತಿತ್ತು, ಹಾಗಾಗಿ ಆ ಹೆಸರು. ಚಿನ್ನಕ್ಕೂ ಬಾರದ, ಬೆಳೆಗೂ ಬಾರದ ಕಲ್ಲುನೆಲ. ಆದ್ದರಿಂದಲೇ ಅದು ಮಕ್ಕಳನ್ನು ಹೂಳಲು ಸಿಕ್ಕಿತು. 1852ರಿಂದ 1857ರವರೆಗೆ ಸುಮಾರು ಇನ್ನೂರು ಹೂಳಿಕೆ, ಹೆಚ್ಚಿನವು ಮಕ್ಕಳವು. ಚಿನ್ನ ತೊಳೆದು ಕೆಡಿಸಿದ ಹೊಳೆಯ ನೀರನ್ನೇ ಕುಡಿದು, ಭೇದಿಯಾಗಿ, ಜ್ವರ ಬಂದು ಡೇರೆಗಳಲ್ಲಿ ಸತ್ತವು. ಹೆಸರಿರುವ ಕಲ್ಲುಗಳು ಬೆರಳೆಣಿಕೆ. ಉಳಿದದ್ದೆಲ್ಲ ಒರಟು ಕಾಡುಗಲ್ಲುಗಳನ್ನು ಮೊಳದುದ್ದ, ಮಾರುದ್ದ ಸಾಲಾಗಿ ಜೋಡಿಸಿದ್ದು. ಗೊತ್ತಿಲ್ಲದವನು ನೋಡಿದರೆ ಹೊಲ ಹಸನು ಮಾಡಿ ಒಟ್ಟಿದ ಕಲ್ಲು ಎನ್ನುತ್ತಾನೆ. ಒಂದು ಕಲ್ಲಿನ ಮೇಲೆ ಯಾರೋ ಪ್ಲಾಸ್ಟಿಕ್ಕಿನ ಕುರಿಮರಿಯೊಂದನ್ನು ಇಟ್ಟು ಹೋಗಿದ್ದರು. ಅದರ ಒಂದು ಕಿವಿ ಬಿಸಿಲಿಗೆ ಸೀಳಿತ್ತು.

ಕುರಿಮರಿಯನ್ನು ನೋಡುತ್ತಾ ನಿಂತವನಿಗೆ 1984ರ ಆ ಮಧ್ಯಾಹ್ನ ನೆನಪಾಯಿತು. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದಾಗಲೆಲ್ಲ ಬೇರೆ ಕೆಲಸ ಇರುತ್ತಿತ್ತು.

ದೊರೆಗಳ ಗೋರಿಯನ್ನು ಅಳೆದು ಮುಗಿಸಿ ಅಲ್ಲಿಂದ ಸುಮಾರು ಎರಡು ಸರಪಳಿ ದೂರ ಇಳಿದಿದ್ದೆವು. ನಮ್ಮ ಸರಪಳಿ 33 ಅಡಿಯದು, ಅದರಲ್ಲಿ 16 ಆಣೆ. 33ಕ್ಕೆ 33 ಚೌಕ ಮಾಡಿದರೆ ಒಂದು ಗುಂಟೆ. ಇಳಿಜಾರಿನಲ್ಲಿ ಕಾಫಿ ಗಿಡಗಳು ಮುಗಿದು, ಲಂಟಾನದ ನಡುವೆ ಕಲ್ಲುಗಳು ಶುರುವಾದವು. ದೊಡ್ಡವಲ್ಲ, ಒಬ್ಬರು ಎತ್ತಿಕೊಂಡು ಬರಬಹುದಾದಷ್ಟು. ಸರಪಳಿಯ ಮುಂದಿನ ತುದಿ ಹಿಡಿದಿದ್ದವರು ತೋಟದ ಲೈನ್‌ಮನೆಯಿಂದ, ಎಂದರೆ ಕೂಲಿಯವರ ಸಾಲುಮನೆಯಿಂದ, ಕೆಲಸಕ್ಕೆ ಬಂದಿದ್ದ ಒಬ್ಬ ಮುದುಕರು. ಅವರು ಸರಪಳಿಯನ್ನು ಕೆಳಗಿಟ್ಟು, ಬಗ್ಗಿ, ಟೈರಿನ ಚಪ್ಪಲಿಗಳನ್ನು ಬಿಚ್ಚಿ ಒಂದರ ಮೇಲೊಂದು ಇಟ್ಟು, ಆಮೇಲೆ ಮುಂದೆ ಹೋದರು. ಮುಳ್ಳು ತುಂಬಿದ ಜಾಗ, ಜೊತೆಗೆ ರಕ್ತ ಹೀರುವ ಇಂಬಳದ ಕಾಲ. ಏಕೆ ಎಂದು ಕೇಳಿದೆ.

‘ಇಲ್ಲಿ ಮಕ್ಕಳಿವೆ ಸ್ವಾಮಿ’ ಎಂದರು.

ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಕೂಲಿಯವರ ಮಕ್ಕಳು. ಕಾಡು ಕಡಿದು ತೋಟ ಮಾಡಿದ ಕಾಲದಿಂದ ಮಲೇರಿಯಾ ಹಿಡಿತಕ್ಕೆ ಬಂದ ಕಾಲದವರೆಗೆ ಚಳಿಜ್ವರಕ್ಕೆ ಸತ್ತವು. ಲೈನ್‌ಮನೆಯವರು ಅಲ್ಲಿ ಹೂತು ಒಂದೊಂದು ಕಲ್ಲು ಇಟ್ಟಿದ್ದರು. ಇದನ್ನೆಲ್ಲ ಮುದುಕರು ಹೇಳಿದರು. ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಇಲ್ಲಿ ಓದುಗರಿಗೆ ಖರಾಬಿನ ವಿಷಯ ಸ್ವಲ್ಪ ಹೇಳಬೇಕು. ಸಾಗುವಳಿಗೆ ಬಾರದ ಜಾಗವನ್ನು ಸರ್ವೆಯಲ್ಲಿ ಖರಾಬು ಎಂದು ತೆಗೆಯುತ್ತೇವೆ. ಅದರಲ್ಲಿ ಎರಡು ಬಗೆ. ಬಂಡೆ, ಕಲ್ಲುಗುಂಪು ಮುಂತಾದ ಕಾರಣಕ್ಕೆ ಬೆಳೆಗೆ ಬಾರದ್ದು ‘ಅ’ ಖರಾಬು. ಅದು ಹಿಡುವಳಿದಾರನ ಜೊತೆಯಲ್ಲೇ ಇರುತ್ತದೆ. ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಉಪಯೋಗದ್ದು ‘ಬ’ ಖರಾಬು. ಅದರ ಮೇಲೆ ಖಾಸಗಿಯವರ ಹಕ್ಕು ನಡೆಯುವುದಿಲ್ಲ. 1966ರ ಭೂ ಕಂದಾಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ದೊರೆಗಳ ಗೋರಿಗೆ ನಾನು ‘ಬ’ ಎಂದು ಬರೆದಿದ್ದೆ. ಮಕ್ಕಳ ಜಾಗಕ್ಕೂ ಹಾಗೆಯೇ ಬರೆಯಬೇಕಿತ್ತು. ಹಾಗೆ ಬರೆದರೆ ಮಹಜರು ಮಾಡಬೇಕು, ಊರ ಹಿರಿಯರ ಹೇಳಿಕೆ ತೆಗೆಯಬೇಕು, ತೋಟದ ರೈಟರ್ ತಕರಾರು ತೆಗೆಯುತ್ತಾನೆ, ಇನ್ನೊಂದು ದಿನ ಬರಬೇಕು. ನಾಲ್ಕೂಮುಕ್ಕಾಲಿಗೆ ಕೊನೆಯ ಬಸ್ಸಿತ್ತು. ನಾನು ಪುಸ್ತಕ ತೆಗೆದು ‘ಕಲ್ಲುಗುಂಪು, 6 ಗುಂಟೆ, ಅ ಖರಾಬು’ ಎಂದು ಬರೆದೆ. ಮಳೆ ಹನಿ ಬೀಳುತ್ತಿತ್ತು; ‘ಅ’ದ ಬಾಲ ಸ್ವಲ್ಪ ಕದಡಿದೆ. ಬಸ್ಸು ಸಿಕ್ಕಿತು.

6 ಗುಂಟೆ ಎಂದರೆ 6,534 ಚದರ ಅಡಿ. ಅಷ್ಟನ್ನು ಅಳೆದೆನೇ ಹೊರತು ಅದರೊಳಗಿನ ಕಲ್ಲುಗಳನ್ನು ಎಣಿಸಲಿಲ್ಲ.

ಕಳೆದ ವಾರ ಬಣ್ಣದ ಗೋರಿಗಳನ್ನು ನೋಡಿದ ಮೇಲೆ ಅಲ್ಲಿಗೂ ಇಳಿದು ಹೋದೆ. ತೋಟ ಈಗ ಕೈ ಬದಲಾಗಿದೆ. ಮೇಲ್ಭಾಗದಲ್ಲಿ ಹೋಂಸ್ಟೇ ಎದ್ದಿದೆ, ಅದಕ್ಕೆ ಹೋಗಲು ಜೆಸಿಬಿಯಲ್ಲಿ ದಾರಿ ತೆಗೆದಿದ್ದಾರೆ. ದಾರಿಯ ಅಂಚು ಕುಸಿಯದಂತೆ ಕಲ್ಲು ಕಟ್ಟಿದ್ದಾರೆ. ಯಾವ ಕಲ್ಲೆಂದು ಕೇಳಬೇಡಿ. ಮಾಲೀಕರನ್ನು ದೂರುವಂತಿಲ್ಲ, ಅವರ ಪಹಣಿಯಲ್ಲಿ ಅದು ಕಲ್ಲುಗುಂಪು, ಕಲ್ಲನ್ನು ಬಳಸಿಕೊಂಡಿದ್ದಾರೆ. ಉಳಿದ ಪೊದೆಯೊಳಗೆ ಎರಡು ಗಂಟೆ ತಡಕಾಡಿದೆ. ಇದ್ದಲ್ಲಿಯೇ ಇರುವ ಕಲ್ಲುಗಳು 19. ಈ ಸಲ ಎಣಿಸಿದ್ದೇನೆ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದೇನೆ, ಮೊಬೈಲಿನಲ್ಲಿ ಫೋಟೋ ತೆಗೆದಿದ್ದೇನೆ.

ನಿಮ್ಮ ಸುದ್ದಿಯಲ್ಲಿ ಹುಡುಗರ ತಂಡದವರು ‘ಇಲ್ಲಿರುವ ಎಲ್ಲ ಸಮಾಧಿಗಳನ್ನೂ ಉಳಿಸಿದ್ದೇವೆ’ ಎಂದು ಹೇಳಿದ್ದರು. ಅವರ ತಪ್ಪಲ್ಲ. ಎರಡು ಸರಪಳಿ ಕೆಳಗೆ ಏನಿದೆ ಎಂದು ಅವರಿಗೆ ಹೇಳಬೇಕಾದ ಕಾಗದ ಹೇಳುವುದಿಲ್ಲ. ಆ ಕಾಗದ ಬರೆದವನು ನಾನು. ಆ 24ರ ತರುಣನಿಗೆ ಹೆಸರಿದೆ, ಬಣ್ಣ ಬಳಿದರೂ ತೂತುಗಳಿವೆ. ಅದೂ ಹೋಗಲಿ, ಆ ಕಾಲದ ಚರ್ಚುಗಳ ಹೂಳಿಕೆ ದಾಖಲೆಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು, ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೆಳಗಿನ ಮಕ್ಕಳಿಗೆ ಇದ್ದ ದಾಖಲೆ ಎಂದರೆ ಚಪ್ಪಲಿ ಬಿಚ್ಚುತ್ತಿದ್ದ ಒಬ್ಬ ಮುದುಕ.

ಈ ವಿಷಯ ಎತ್ತಿದಾಗ ನಮ್ಮ ಬೆಳಗಿನ ವಾಕಿಂಗ್ ಗುಂಪಿನಲ್ಲಿ ಇಬ್ಬರು ಇಬ್ಬಗೆಯಾಗಿ ರೇಗಿದರು. ನಮ್ಮನ್ನು ಆಳಿದವರ ಗೋರಿಗೆ ನಾವೇಕೆ ಪೊರಕೆ ಹಿಡಿಯಬೇಕು ಎಂದರು ಒಬ್ಬರು. ಸತ್ತವರಿಗೆ ಕಲ್ಲು ನೆಡುವುದೇ ನಮ್ಮ ಪದ್ಧತಿಯಲ್ಲ, ಮಣ್ಣಿಗೆ ಸೇರಿದ್ದು ಮಣ್ಣಾಗಲಿ ಎಂದರು ಇನ್ನೊಬ್ಬರು. ಎರಡನೆಯವರಿಗೆ ಸಿಟ್ಟಿನಲ್ಲೇ ಉತ್ತರ ಕೊಟ್ಟೆ. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಹಾಗೆ ಹೇಳುವುದಕ್ಕೆ ಧೈರ್ಯ ಬೇಕು! ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಯ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳನ್ನು ಕೆತ್ತಲು ಶುರುಮಾಡಿ ಹದಿಮೂರು ಶತಮಾನ ದಾಟಿತು. ನಿಸಿಧಿ, ವೀರಗಲ್ಲು, ಮಾಸ್ತಿಗಲ್ಲು ಇಲ್ಲದ ಹಳ್ಳಿ ನಮ್ಮಲ್ಲಿ ಎಷ್ಟಿವೆ? ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲು ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ದತ್ತಿಯ ಕಲ್ಲು. ಅದರ ಬೆಲೆ ತಿಳಿದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲು ನನ್ನಂತಹ ಭೂಮಾಪಕನೊಬ್ಬ ಆ ದಾರಿಯಲ್ಲಿ ಹೋಗಿದ್ದರೆ ಏನೆಂದು ಬರೆಯುತ್ತಿದ್ದನೋ.

ಮೊದಲನೆಯವರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ದೊರೆಗಳ ಗೋರಿಗೆ ಮಾತ್ರ ಬಣ್ಣ ಬಳಿದು ಫೋಟೋ ತೆಗೆಸಿಕೊಂಡು, ಪ್ರವಾಸಿಗರಿಗೆ ‘ಬ್ರಿಟಿಷರ ಕಾಲದ ಪರಂಪರೆ’ ಎಂದು ಬೋರ್ಡು ಹಾಕುವುದಾದರೆ ಅವರು ಹೇಳಿದ್ದೇ ಸರಿ. ಪೊರಕೆ ಕೆಳಗಿನ 19 ಕಲ್ಲುಗಳಿಂದ ಶುರುವಾಗಲಿ. ಮೇಲಿನ ಐದಕ್ಕೆ ಆಮೇಲೆ ಹೋಗೋಣ. ಆ ತರುಣನೂ ಚಳಿಜ್ವರಕ್ಕೇ ಸತ್ತವನು, ಅವನಿಗೇನೂ ಬೇಸರವಾಗಲಿಕ್ಕಿಲ್ಲ.

ಈಗ ನನ್ನ ಕೋರಿಕೆ. ಹೋಂಸ್ಟೇ ಮಾಲೀಕರ ಜೊತೆ ಮಾತನಾಡಿದ್ದೇನೆ. ಮೊದಲು ಮುಖ ಸಿಂಡರಿಸಿದರು. ಫೋಟೋಗಳನ್ನು ತೋರಿಸಿದಾಗ ಅವರ ತಾಯಿ ಒಳಗಿನಿಂದ ಬಂದು ‘ಇಷ್ಟು ದಿನ ಅದರ ಮೇಲೆ ಕಾರು ಓಡಿಸಿದೆವಲ್ಲೋ’ ಎಂದರು. ಆಮೇಲೆ ಮಾತು ಬೇರೆ ದಾರಿ ಹಿಡಿಯಿತು. ದಾರಿಯನ್ನು ಹತ್ತು ಅಡಿ ಸರಿಸಲು ಒಪ್ಪಿದ್ದಾರೆ. ಅದು ಅವರ ಒಳ್ಳೆಯತನ. ನಾಳೆ ತೋಟ ಇನ್ನೊಬ್ಬರ ಕೈಗೆ ಹೋದರೆ ಒಳ್ಳೆಯತನ ಪಹಣಿಯಲ್ಲಿ ಇರುವುದಿಲ್ಲ. ಆದ್ದರಿಂದ ‘ಅ’ ಖರಾಬನ್ನು ‘ಬ’ ಎಂದು ತಿದ್ದಬೇಕೆಂದು ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇನೆ. 1984ರ ನಮೂದು ತಪ್ಪು, ತಿಳಿದೂ ಬರೆದದ್ದು ಎಂದು ನಾನೇ ಪ್ರಮಾಣಪತ್ರ ಬರೆದು ಲಗತ್ತಿಸಿದ್ದೇನೆ. ಇದಕ್ಕೆ ಸ್ಥಳ ಮಹಜರು ಆಗಬೇಕು, ಹಳಬರ ಹೇಳಿಕೆ ಬೇಕು. ಆ ಮುದುಕರು ಈಗಿಲ್ಲ. 1960ರ ದಶಕಕ್ಕೆ ಮುಂಚೆ ಆ ಭಾಗದ ಲೈನ್‌ಮನೆಗಳಲ್ಲಿದ್ದವರು, ಅಥವಾ ತಮ್ಮ ಮನೆಯ ಮಗುವೊಂದನ್ನು ಅಲ್ಲಿ ಹೂತ ಸಂಗತಿಯನ್ನು ಹಿರಿಯರ ಬಾಯಲ್ಲಿ ಕೇಳಿದವರು ಘಟ್ಟದ ಕೆಳಗಾಗಲಿ, ಅರಸೀಕೆರೆ, ಕಡೂರು ಕಡೆಯಾಗಲಿ ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಬೇಕೆಂದು ಬೇಡಿಕೊಳ್ಳುತ್ತೇನೆ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹೆಣ್ಣೋ ಗಂಡೋ, ಯಾವ ಸುಗ್ಗಿಯಲ್ಲಿ ಎಂದು ನೆನಪಿದ್ದರೂ ಸಾಕು.

ಪತ್ರ ಉದ್ದವಾಯಿತು ಎಂದು ಗೊತ್ತು. ಜಾಗ ಸಾಲದಿದ್ದರೆ ಆಸ್ಟ್ರೇಲಿಯಾದ ಭಾಗಕ್ಕೆ ಕತ್ತರಿ ಹಾಕಿ, ಖರಾಬಿನ ಭಾಗವನ್ನು ದಯವಿಟ್ಟು ಮುಟ್ಟಬೇಡಿ.

ಬಣ್ಣ ಬಳಿದ ಹುಡುಗರಲ್ಲಿ ಇಬ್ಬರು ನಿನ್ನೆ ನನ್ನ ಮನೆಗೆ ಬಂದಿದ್ದರು. ನನ್ನ ನೋಟುಬುಕ್ಕಿನಲ್ಲಿ 1863 ಎಂದಿರುವುದನ್ನು ತೋರಿಸಿದೆ. ಒಬ್ಬ ಕಿವಿ ಕೆಂಪಗೆ ಮಾಡಿಕೊಂಡು, ಕುಂಚ ಹಿಡಿದಿದ್ದವನು ತಾನೇ ಎಂದ. ಅವನಿಗೆ ಅದರ ಕೆಳಗಿನ ಪುಟವನ್ನೂ ತೋರಿಸಿದೆ, ಬಾಲ ಕದಡಿದ ‘ಅ’ ಇರುವ ಪುಟವನ್ನು. ಬಣ್ಣವನ್ನು ಕೆರೆದು ತೆಗೆಯಲು ಹೋಗಬೇಡಿ, ತಿಳಿದವರನ್ನು ಕೇಳಿ ಮುಂದುವರಿಯೋಣ ಎಂದಿದ್ದೇನೆ. ಬರುವ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಒಂಬತ್ತಕ್ಕೆ ನಾವು ಅಲ್ಲಿ ಸೇರುತ್ತಿದ್ದೇವೆ. ಆಸಕ್ತರು ಬರಬಹುದು. ಅಳತೆಯ ಟೇಪು ನನ್ನಲ್ಲಿದೆ. ಹಳೆಯ ಕನ್ನಡಿ, ಮೆತ್ತಗಿನ ಕುಂಚ, ಬುತ್ತಿ ತನ್ನಿ. ಕೆಳಗಿನ ಕಲ್ಲುಗಳ ಬಳಿ ಚಪ್ಪಲಿ ಬಿಡಬೇಕಾಗುತ್ತದೆ, ಮಳೆ ಪೂರ್ತಿ ನಿಂತಿರುವುದಿಲ್ಲ, ಇಂಬಳ ಬಹಳ. ಕಲ್ಲಿಗೆ ಬಳಿಯಲು ಯಾರೂ ಸುಣ್ಣ ತರಬೇಡಿ. ಕಾಲಿಗೆ ಹಚ್ಚಿಕೊಳ್ಳುವಷ್ಟು ತಂದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ,
ಹಾಸನ